ಹೆಲ್ಮೆಟ್ಟಿನೊಳಗಿನ ಹಾಡು, ತಿಮ್ಮಕ್ಕನ ಕುರಿ

ನನ್ನ ಕಿವಿಗಳ ಬಗ್ಗೆ ನನಗೆ ಯಾವತ್ತೂ ತಕರಾರಿರಲಿಲ್ಲ. ತಕರಾರಿದ್ದದ್ದು ಅವುಗಳೊಳಗೆ ಜನ ತುಂಬುವ ಮಾತಿನ ಬಗ್ಗೆ. ಎಂಬತ್ತರ ದಶಕದ ಆರಂಭದಲ್ಲಿ ನಾನು ಮಧುಗಿರಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಳ್ಳಿಯವರು ಡಾಕ್ಟ್ರೇ ಎನ್ನುತ್ತಿದ್ದರು, ತಿದ್ದುವ ಗೋಜಿಗೆ ನಾನೂ ಹೋಗಲಿಲ್ಲ. ಐ.ಡಿ.ಹಳ್ಳಿ ಕಡೆ ಬೈಕು ತಿರುಗಿಸಿದರೆ ಸಾಕು, ಹತ್ತು ಮಾರಿಗೊಬ್ಬರು ಕೈ ಅಡ್ಡ ಹಿಡಿದು ಎಮ್ಮೆಯ ಹೊಟ್ಟೆಯುಬ್ಬರದಿಂದ ಹಿಡಿದು ಅತ್ತೆಯ ಮಂಡಿನೋವಿನವರೆಗೆ ಎಲ್ಲ ಒಪ್ಪಿಸುತ್ತಿದ್ದರು. ಸಾಕುಸಾಕಾಗಿತ್ತು.

ಆಗ ನಮ್ಮೂರಲ್ಲಿ ಹೆಲ್ಮೆಟ್ ಹಾಕುತ್ತಿದ್ದವನು ನಾನೊಬ್ಬನೇ. ತಲೆಗೇನೋ ಆಪರೇಷನ್ ಆಗಿದೆಯಂತೆ ಎಂಬ ಸುದ್ದಿಯೂ ಇತ್ತು. ಸಿರಾದ ಗುಜರಿ ಅಂಗಡಿಯಿಂದ ಕೆಟ್ಟ ಟ್ರಾನ್ಸಿಸ್ಟರುಗಳ ಎರಡು ಪುಟ್ಟ ಸ್ಪೀಕರ್ ತಂದೆ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲನ್ನು ಹೆಂಡತಿಯ ತರಕಾರಿ ಚಾಕುವಿನಿಂದ ಕೊರೆದು, ಕಿವಿಯ ನೇರಕ್ಕೆ ಗುಳಿ ಮಾಡಿ ಕೂರಿಸಿದೆ. ಬೆಸುಗೆ ಹಾಕುವಾಗ ಎರಡು ಬೆರಳು ಸುಟ್ಟವು. ಕತ್ತಿನ ಹಿಂದಿನಿಂದ ಇಳಿದ ವೈರು, ಹೆಗಲ ಚೀಲದಲ್ಲಿ ಲಸಿಕೆಯ ಫ್ಲಾಸ್ಕಿನ ಪಕ್ಕ ಕೂತ ರೇಡಿಯೋಗೆ ಸೇರುತ್ತಿತ್ತು. ಬರೀ ತಲೆಯಲ್ಲಿದ್ದಾಗಲೇ ನಿಮಗೆ ಏನೂ ಕೇಳಿಸುವುದಿಲ್ಲ, ಇದೊಂದು ಬೇರೆ ಕೇಡು ಎಂದಳು ಹೆಂಡತಿ. ಅದನ್ನೂ ಕೇಳಿಸಿಕೊಳ್ಳಲಿಲ್ಲ.

ಆಹಾ, ಎಂಥ ಸುಖ ಅಂತೀರಿ! ಜನರ ಬಾಯಿ ಆಡುತ್ತಿತ್ತು, ಹಾಡು ಮಾತ್ರ ಕೇಳುತ್ತಿತ್ತು. ಒಂದು ದಿನ ರಸ್ತೆಗೆ ಕುರಿಹಿಂಡು ಅಡ್ಡ ಬಂತು. ಕುರಿಗಳ ಒಡತಿ ತಿಮ್ಮಕ್ಕ ಹತ್ತಿರ ಬಂದು ಕೈಮುಗಿದು ಏನೋ ಅಂದಳು. ದಾರಿ ತಡೆದದ್ದಕ್ಕೆ ತಪ್ಪಾಯಿತು ಅನ್ನುತ್ತಿದ್ದಾಳೆಂದುಕೊಂಡು, ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದೆ. ಮಾರನೆಯ ದಿನ ರಜೆ ಹಾಕಿ, ಗೊರವನಹಳ್ಳಿಯಲ್ಲಿ ಲಕ್ಷ್ಮಿಯ ದರ್ಶನ ಮಾಡಿ, ಹೊಟ್ಟೆ ತುಂಬ ಉಂಡು ಬಂದೆ.

ಅದರ ಮಾರನೆಯ ದಿನ ತಿಮ್ಮಕ್ಕನ ಹಟ್ಟಿ ದಾಟುವಾಗ ಜನ ಬೈಕಿಗೆ ಅಡ್ಡ ನಿಂತರು. ಹೆಲ್ಮೆಟ್ಟನ್ನು ಒಂದು ಕಿವಿಯಿಂದ ಮೇಲೆತ್ತಿ ಕೇಳಿದೆ. ಪಕ್ಕದ ಹಟ್ಟಿಯಲ್ಲಿ ಬೇನೆ ಬಿದ್ದು ಕುರಿ ಸಾಯುತ್ತಿದ್ದವಂತೆ. ನಾಳೆ ಬಂದು ಸೂಜಿ ಹಾಕ್ತೀರಾ, ಮೇಯಲು ಬಿಡದೆ ಕೂಡಿಹಾಕಿರಲಾ ಎಂದು ಅವಳು ಮೊನ್ನೆ ನನ್ನನ್ನು ಕೇಳಿದ್ದಳಂತೆ.

"ನೀವು ಹೂಂ ಅಂದ್ರಿ ಅಂತ ನಿನ್ನೆ ಬೆಳಗ್ಗಿಂದ ಬೈಗಿನಗಂಟ ಕುರಿ ಬುಡ್ಲಿಲ್ಲ ಕಣಪ್ಪಾ. ಮರಿಗಳು ಅರಚಿ ಅರಚಿ ಗಂಟಲು ಕಟ್ಕಂಡ್ವು" ಎಂದಳು ತಿಮ್ಮಕ್ಕ. ಅವಳ ಕಣ್ಣು ತುಂಬಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಹೆಲ್ಮೆಟ್ ತೆಗೆದು ಕುರಿ ರೊಪ್ಪದ ಕಲ್ಲಿನ ಮೇಲಿಟ್ಟೆ. ಅದು ಎಲ್ಲರೆದುರು ಪ್ರೇಮಗೀತೆ ಹಾಡತೊಡಗಿತು.

ತಿಮ್ಮಕ್ಕ ಬಗ್ಗಿ ಅದರೊಳಗೆ ಇಣುಕಿದಳು. "ಓ, ನಿಮ್ಮ ತಲೇಲಿ ಓಡ್ತಿದ್ದದ್ದು ಇದಾ? ಡಾಕ್ಟ್ರು ಏನೋ ಯೋಚ್ನೆ ಮಾಡ್ತಾವ್ರೆ ಅಂತಿದ್ದೆ."

ಅಷ್ಟೂ ಕುರಿಗಳಿಗೆ ಸೂಜಿ ಹಾಕಿದೆ. ಒಂದೂ ಸಾಯಲಿಲ್ಲ, ಬದುಕಿಕೊಂಡೆ. ಅಂದು ಸಂಜೆಯೇ ಸ್ಪೀಕರುಗಳನ್ನು ಕಿತ್ತು ಹಾಕಿದೆ. ಗುಳಿಗಳು ಮಾತ್ರ ಹಾಗೇ ಉಳಿದಿದ್ದರಿಂದ, ಆಮೇಲೆ ರಸ್ತೆಬದಿಯ ಮಾತೆಲ್ಲ ಸ್ಪಷ್ಟವಾಗಿ ಕೇಳಿಸತೊಡಗಿತು. ಹೆಚ್ಚಿನವು ನನ್ನ ವಿಷಯವೇ. ಅವುಗಳಲ್ಲಿ ಡಾಕ್ಟ್ರು ಎಂಬ ಮಾತು ಮಾತ್ರ ಇರಲಿಲ್ಲ.