ಮಗಳಿಗೆ ಮ್ಯಾಚ್ ಆಯ್ತು

ಕುವೈತಿನಲ್ಲಿ ನಮ್ಮವರ ಮನೆಗೆ ಒಂದು ಒಳ್ಳೆಯ ಸುದ್ದಿ ಬಂತೆಂದರೆ ಅದರ ಹಿಂದೆಯೇ ಹತ್ತು ಸಲಹೆಗಳು ಬರುತ್ತವೆ. ಮನುಷ್ಯ ಈ ದೇಶಕ್ಕೆ ಬರಲು ವೀಸಾ ಬೇಕು, ಇರಲು ಇಕಾಮಾ ಎಂಬ ಪರವಾನಗಿ ಬೇಕು. ಸಲಹೆಗೆ ಎರಡೂ ಬೇಡ, ಸೀದಾ ಮನೆಯೊಳಗೇ ಬಂದು ಕೂರುತ್ತದೆ.

ನಾನು ಇಲ್ಲಿಯ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್. ಮಗಳು ಹುಟ್ಟಿ ಬೆಳೆದದ್ದು ಸಾಲ್ಮಿಯಾದ ನಮ್ಮ ಫ್ಲಾಟಿನಲ್ಲಿ, ಎಂಬಿಬಿಎಸ್ ಓದಿದ್ದು ಊರಿನಲ್ಲಿ. ಮುಂದಿನ ತರಬೇತಿಗೆ ಅಮೆರಿಕಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿಯ ಪದ್ಧತಿ ಬೇರೆ. ವಿದ್ಯಾರ್ಥಿಗಳು ತಮಗೆ ಬೇಕಾದ ಆಸ್ಪತ್ರೆ ಮತ್ತು ವಿಭಾಗಗಳ ಪಟ್ಟಿ ಕೊಡಬೇಕು, ಆಸ್ಪತ್ರೆಗಳು ತಮಗೆ ಬೇಕಾದ ವಿದ್ಯಾರ್ಥಿಗಳ ಪಟ್ಟಿ ಕೊಡುತ್ತವೆ, ಕಂಪ್ಯೂಟರ್ ಕೂತು ಜೋಡಿ ಮಾಡುತ್ತದೆ. ಅದಕ್ಕೆ ಮ್ಯಾಚ್ ಅನ್ನುತ್ತಾರೆ. ಕಳೆದ ವರ್ಷ ಇವಳಿಗೆ ಮ್ಯಾಚ್ ಆಗಿರಲಿಲ್ಲ. ಈ ವರ್ಷ ಒಂದು ಶುಕ್ರವಾರ ಸಂಜೆ ಇಮೇಲ್ ಬಂತು, ಆಗಿತ್ತು. ಆದರೆ ಅವಳು ಮೊದಲು ಬರೆದಿದ್ದ ಸರ್ಜರಿಗಲ್ಲ, ಕೆಳಗೆ ಬರೆದಿದ್ದ ಅನಸ್ತೇಶಿಯಾಕ್ಕೆ. ಅಂದರೆ ಆಪರೇಶನ್ನಿಗೆ ಮೊದಲು ಮದ್ದು ಕೊಟ್ಟು ನಿದ್ದೆ ಬರಿಸುವ ವಿಭಾಗ.

ಮಗಳು ಇಮೇಲನ್ನು ಎರಡು ಸಲ ಓದಿ, "ಓಕೆ ಮಮ್ಮಿ, ಗುಡ್" ಎಂದು ಹೇಳಿ ಕೋಣೆಗೆ ಹೋದಳು. ಆ "ಗುಡ್" ಎಷ್ಟು ಗುಡ್ ಎಂದು ತಾಯಿಗೆ ಗೊತ್ತಾಗುವುದಿಲ್ಲವೇ? ಮಗಳು ಸರ್ಜನ್ ಆಗುತ್ತಾಳೆ ಎಂದು ವಾರ್ಡಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಅವಳು ಅಷ್ಟು ಸಪ್ಪಗಾದದ್ದಕ್ಕೆ ಅರ್ಧ ಕಾರಣ ನನ್ನ ಬಾಯಿ.

ಹುಡುಗ ಎಲ್ಲಿಯವ?

ಮೊದಲ ಫೋನು ಮಾಡಿದ್ದು ನನ್ನ ಗೆಳತಿಗೆ. ಅವಳು ರುಮೈಥಿಯಾದಲ್ಲಿ ಒಂದು ಕುವೈತಿ ಮನೆಯ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ. ಹಿಂದಿನಿಂದ ಟಿವಿ ಜೋರಾಗಿ ಕೇಳುತ್ತಿತ್ತು.

"ಮಗಳಿಗೆ ಮ್ಯಾಚ್ ಆಯ್ತು ಮಾರಾಯ್ತಿ," ಎಂದೆ.

"ದೇವರು ದೊಡ್ಡವನು! ಹುಡುಗ ಎಲ್ಲಿಯವ?"

"ಹುಡುಗ ಅಲ್ಲ, ಆಸ್ಪತ್ರೆ."

"ಓ, ಆಸ್ಪತ್ರೆಯಲ್ಲಿ ಕೆಲಸವಾ? ಡಾಕ್ಟರಾ?"

"ಡಾಕ್ಟರ್ ಅಲ್ಲ, ಆಸ್ಪತ್ರೆಯೇ."

"ಸ್ವಂತ ಆಸ್ಪತ್ರೆಯಾ? ನೀನು ಇಷ್ಟು ದಿನ ಒಂದು ಮಾತು ಹೇಳಲಿಲ್ಲ!"

ನಾನು ವಿವರಿಸಲು ಹೋದೆ. ನಾಲ್ಕು ವರ್ಷ ಅಲ್ಲೇ ಇರಬೇಕು, ಭಾರೀ ಚಳಿಯ ಊರು, ದೊಡ್ಡ ಜಾಗ, ಐನೂರು ಹಾಸಿಗೆ ಉಂಟು ಎಂದೆಲ್ಲ ಹೇಳಿದೆ. ಟಿವಿಯ ಸದ್ದಿನಲ್ಲಿ ಅವಳಿಗೆ ಎಷ್ಟು ಕೇಳಿತೋ ಎಷ್ಟು ಬಿಟ್ಟಿತೋ ಗೊತ್ತಿಲ್ಲ. ಕೊನೆಗೆ ದನಿ ತಗ್ಗಿಸಿ, ತುಂಬ ಕಾಳಜಿಯಿಂದ ಹೇಳಿದಳು:

"ನೋಡು, ಸಂಬಂಧ ಒಳ್ಳೆಯದೇ ಇರಬಹುದು. ಆದರೆ ಮನೆಯಲ್ಲಿ ಐನೂರು ಜನ ಮಲಗುತ್ತಾರೆ ಎಂದಾದರೆ, ಅಡುಗೆಗೆ ಜನ ಇಡಲು ಈಗಲೇ ಹೇಳಿಬಿಡು. ಆಮೇಲೆ ಹೇಳಿದರೆ ಆಗುವುದಿಲ್ಲ."

ಎಬ್ಬಿಸುವ ಡಾಕ್ಟರ್

ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಬಂದ ಅಭಿನಂದನೆಗಳೂ ಹಾಗೇ ಇದ್ದವು. "ಮದ್ದು ಕೊಟ್ಟು ಮಲಗಿಸುವುದು ಮಾತ್ರವಾ? ಅದಕ್ಕೂ ನಾಲ್ಕು ವರ್ಷ ಓದಬೇಕಾ?" ಎಂದು ಒಬ್ಬರು ಮನೆಗೇ ಬಂದು, ನಮ್ಮದೇ ಚಾ ಕುಡಿಯುತ್ತಾ ಕೇಳಿದರು.

ಭಾನುವಾರ ನಾನು ಡ್ಯೂಟಿಗೆ ಹೋದೆ. ವಾರ್ಡಿನಲ್ಲಿ ಎರಡನೇ ಸಲ ಹರ್ನಿಯಾ ಆಪರೇಶನ್ನಿಗೆ ಬಂದಿದ್ದ ಒಬ್ಬ ಮುದುಕ ಕುವೈತಿ ಇದ್ದ, ಅವತ್ತೇ ಆಪರೇಶನ್. ಒಳ್ಳೆಯ ಮಾತುಗಾರ. ನನ್ನ ಮುಖ ನೋಡಿಯೇ, "ಸಿಸ್ಟರ್, ಇವತ್ತು ನಿನಗೆ ಏನೋ ಆಗಿದೆ" ಎಂದ. ಬಿ.ಪಿ. ನೋಡುತ್ತಾ ನನಗೆ ಬರುವ ಅರಬಿಯಲ್ಲಿ ಎಲ್ಲ ಹೇಳಿದೆ. ಮಗಳು ಸರ್ಜನ್ ಆಗಬೇಕೆಂದಿದ್ದಳು, ನಿದ್ದೆ ಬರಿಸುವ ಡಾಕ್ಟರ್ ಆಗುತ್ತಿದ್ದಾಳೆ ಎಂದೆ.

ಮುದುಕ ಹಾಸಿಗೆಯಲ್ಲಿ ಎದ್ದು ಕೂತ. "ನಿನಗೆ ಬುದ್ಧಿ ಉಂಟಾ? ಸರ್ಜನ್ ಏನು ಮಾಡುತ್ತಾನೋ ನಾನು ನೋಡಿದ್ದೇನಾ? ನನಗೆ ಆಗ ಜ್ಞಾನವೇ ಇರುವುದಿಲ್ಲ. ನನ್ನ ಕೈ ಹಿಡಿದು, ಹೆದರಬೇಡ ಅನ್ನುವುದು ಆ ಇನ್ನೊಬ್ಬ ಡಾಕ್ಟರ್. ಆಮೇಲೆ ಹೆಸರು ಹಿಡಿದು ಕರೆದು ಎಬ್ಬಿಸುವುದೂ ಅದೇ ಡಾಕ್ಟರ್," ಎಂದು ಹೇಳಿ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತನ್ನ ಹೆಂಡತಿಯ ಕಡೆ ಕೈ ತೋರಿಸಿದ. "ಇವಳು ನಲವತ್ತು ವರ್ಷದಿಂದ ನನ್ನನ್ನು ಎಬ್ಬಿಸಲು ನೋಡುತ್ತಿದ್ದಾಳೆ, ಆಗಿಲ್ಲ. ನನ್ನನ್ನು ಎಬ್ಬಿಸಿದವರು ಅಂದರೆ ಸಣ್ಣ ಡಾಕ್ಟರಾ?"

ಹೆಂಡತಿ ತಲೆಯನ್ನೇ ಎತ್ತಲಿಲ್ಲ. "ಆ ಎಬ್ಬಿಸುವ ಮದ್ದಿನ ಹೆಸರು ಬರೆದು ಕೊಡು ಸಿಸ್ಟರ್," ಎಂದಳು.

ಅವತ್ತು ಮನೆಗೆ ಬಂದು ಮಗಳಿಗೆ ಇದನ್ನು ಹೇಳಿದೆ. ಎರಡು ದಿನದಲ್ಲಿ ಮೊದಲ ಸಲ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಕೇಳಿದಳು, "ಆ ಅಜ್ಜನ ಆಪರೇಶನ್ ಆಯ್ತಾ ಮಮ್ಮಿ? ಸರಿಯಾಗಿ ಎದ್ದರಾ?" ಎದ್ದಿದ್ದ. ಎದ್ದ ಕೂಡಲೇ ಊಟ ಕೇಳಿದ್ದ.

ಶುಐಬಾದ ನಿಯಮಗಳು

ನನ್ನ ಗಂಡ ಶುಐಬಾದ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ವಿಭಾಗದವರು. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಎದ್ದು ನಿಲ್ಲುವ ಜನ. ಮಗಳು ನಕ್ಕದ್ದು ನೋಡಿ ಅವರಿಗೂ ಧೈರ್ಯ ಬಂತು. ಒಂದು ಹಾಳೆ ಟೈಪ್ ಮಾಡಿಸಿ ತಂದು ಊಟದ ಮೇಜಿನಲ್ಲಿ ಓದಿದರು.

"ಗೊತ್ತಿಲ್ಲದ ವಾಲ್ವ್ ಮುಟ್ಟಬಾರದು. ಗೇಜ್ ನೋಡದೆ ಗ್ಯಾಸ್ ಬಿಡಬಾರದು. ಅಲಾರಂ ಹೊಡೆದರೆ ಯಾಕೆ ಎಂದು ಮೊದಲು ನೋಡು, ಆಮೇಲೆ ಬಂದ್ ಮಾಡು. ಶಿಫ್ಟ್ ಬಿಡುವಾಗ ಮುಂದಿನವನಿಗೆ ಎಲ್ಲ ಹೇಳಿಯೇ ಹೊರಡು."

ನನಗೆ ಸಿಟ್ಟು ಬಂತು. "ಅವಳು ನೋಡಲಿಕ್ಕಿರುವುದು ಮನುಷ್ಯರನ್ನು. ನಿಮ್ಮ ಬಾಯ್ಲರ್ ಅಲ್ಲ," ಎಂದೆ. ಪಾಪ, ಹಾಳೆ ಮಡಚಿ ಕಿಸೆಗೆ ಹಾಕಿದರು.

ಮುಂದಿನ ವಾರ ಹೊಸಬರಿಗಾಗಿ ಅಮೆರಿಕದ ಆ ಆಸ್ಪತ್ರೆಯವರು ಆನ್‌ಲೈನಿನಲ್ಲಿ ಮೊದಲ ಪಾಠ ಇಟ್ಟರು. ಪ್ರೊಫೆಸರ್ ಅನಸ್ತೇಶಿಯಾ ಕೊಡುವ ಯಂತ್ರದ ಮುಂದೆ ನಿಂತು ಹೇಳತೊಡಗಿದರು. ಗೊತ್ತಿಲ್ಲದ ವಾಲ್ವ್ ಮುಟ್ಟಬೇಡಿ. ಗೇಜ್ ನೋಡದೆ ಗ್ಯಾಸ್ ಬಿಡಬೇಡಿ. ಅಲಾರಂ ಹೊಡೆದರೆ...

"ಡ್ಯಾಡೀ!" ಎಂದು ಮಗಳು ಕಿರುಚಿದಳು. ಗಂಡ ಕೆನ್ನೆಗೆ ಶೇವಿಂಗ್ ನೊರೆ ಇದ್ದ ಹಾಗೆಯೇ ಓಡಿ ಬಂದು, ಕೊನೆಯವರೆಗೆ ನಿಂತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಗಂಭೀರವಾಗಿ ಹೇಳಿದರು:

"ಐದನೆಯದನ್ನು ಹೇಳಲು ನೀನು ಬಿಡಲಿಲ್ಲ. ಬೆಂಕಿ ಬಿದ್ದರೆ ಎಲ್ಲರೂ ಪಾರ್ಕಿಂಗಿನಲ್ಲಿ ಸೇರಬೇಕು."

"ಮತ್ತೆ ಪೇಶಂಟು?"

"ಅವನಿಗೂ ಒಂದು ಹೆಲ್ಮೆಟ್ ಇಟ್ಟಿರಲಿ."

ಅಂದಾಜು

ನಮ್ಮ ಕಟ್ಟಡದ ಕೆಳಗೆ ಹೋಟೆಲ್ ನಡೆಸುವ ತುಳುವರೊಬ್ಬರಿದ್ದಾರೆ. ಮಗಳು ಮೂರು ವರ್ಷದವಳಿರುವಾಗಿನಿಂದ ಅವರ ಇಡ್ಲಿ ತಿಂದು ಬೆಳೆದವಳು. "ಮಗಾ, ಮ್ಯಾಚ್ ಗೀಚ್ ಎಲ್ಲ ಇರಲಿ. ಅಲ್ಲಿ ಹೋಗಿ ಬ್ರೆಡ್ ತಿಂದು ಸಾಯಬೇಡ, ಸಾರು ಮಾಡಲು ಕಲಿ," ಎಂದು ಅಡುಗೆಮನೆಗೇ ಕರೆದರು.

ಮಗಳು ನೋಟ್‌ಬುಕ್ ಹಿಡಿದುಕೊಂಡು ಹೋದಳು.

"ಉಪ್ಪು ಎಷ್ಟು ಅಂಕಲ್?"

"ಅಂದಾಜು."

"ಅಂದಾಜು ಅಂದರೆ ಎಷ್ಟು ಗ್ರಾಂ?"

"ಹೀಗೆ," ಎಂದು ಕೈಯಲ್ಲಿ ತೆಗೆದು ಹಾಕಿದರು. ಇವಳು ಅವರ ಕೈ ತಡೆದು, ಉಪ್ಪನ್ನು ಚಮಚಕ್ಕೆ ಸುರಿಸಿ ಅಳೆದಳು. ಖಾರಕ್ಕೂ ಅದೇ, ಹುಳಿಗೂ ಅದೇ. ಹೊರಗೆ ಗಿರಾಕಿಗಳು "ಅಣ್ಣಾ, ಸಾರು ಎಲ್ಲಿ?" ಎಂದು ಕೂಗುತ್ತಿದ್ದರು. ಕೊನೆಗೆ ಅವರು ಸೌಟು ಕೆಳಗಿಟ್ಟು ಕೈ ಮುಗಿದರು.

"ಮಗಾ, ನಿನ್ನ ಮದ್ದನ್ನು ಗ್ರಾಂನಲ್ಲಿ ಹಾಕು, ಸಾರನ್ನು ಅಂದಾಜಿನಲ್ಲಿ ಮಾಡು. ಅಲ್ಲಿ ಹೋದ ಮೇಲೆ ಮರೆತು ಅದಲು ಬದಲು ಮಾಡಬೇಡ, ಅಷ್ಟೇ ನನ್ನ ಸಲಹೆ."

ಡಾಕ್ಟರ್ ಯಾರು?

ಕೊನೆಗೆ ನಮ್ಮ ಊರ ಕಡೆಯ ಕ್ರೈಸ್ತರ ಸಂಘದವರು ಸನ್ಮಾನ ಇಟ್ಟುಕೊಂಡರು. ಕಾರ್ಯದರ್ಶಿ ವಿವರ ಕೇಳಲು ಫೋನ್ ಮಾಡಿದಾಗ ನಾನು ವಾರ್ಡಿನಲ್ಲಿ ಟ್ರಾಲಿ ತಳ್ಳುತ್ತಿದ್ದೆ.

"ಬಾಯೀ," ನಮ್ಮಲ್ಲಿ ಹೆಂಗಸರನ್ನು ಕರೆಯುವುದೇ ಹಾಗೆ, "ಮಗಳದ್ದು ಡಾಕ್ಟರ್ ಏನು ಎಂದು ಹಾಕಲಿ?"

"ಅನಸ್ತೇಶಿಯಾ!" ಎಂದು ಕೂಗಿದೆ.

"ಆಯ್ತು, ಬರೆದುಕೊಂಡೆ."

ಶುಕ್ರವಾರ ಸಭಾಂಗಣಕ್ಕೆ ಹೋಗಿ ನೋಡಿದರೆ, ವೇದಿಕೆಯ ಉದ್ದಕ್ಕೂ ಬ್ಯಾನರ್. ನಡುವೆ ನನ್ನ ಮಗಳ ದೊಡ್ಡ ಫೋಟೋ. ಅದರ ಕೆಳಗೆ, "ನಮ್ಮ ಹೆಮ್ಮೆಯ ಪುತ್ರಿ ಡಾ. ಅನಸ್ತಾಸಿಯಾ ಅವರಿಗೆ ಅಭಿನಂದನೆಗಳು."

ಕಾರ್ಯದರ್ಶಿಯನ್ನು ಮೂಲೆಗೆ ಎಳೆದು ಕೇಳಿದೆ. ಅವರು ಬೆವರಿದರು. "ನೀವು ಮನೆಯಲ್ಲಿ ಕರೆಯುವ ಹೆಸರು ಬೇರೆ, ಬ್ಯಾಪ್ಟಿಸಂ ಹೆಸರು ಇದು ಅಂದುಕೊಂಡೆ ಬಾಯೀ. ಎಷ್ಟು ಚಂದದ ಹೆಸರು ಎಂದು ನನ್ನ ಹೆಂಡತಿಗೂ ಹೇಳಿದೆ."

ಈಗ ಏನು ಮಾಡುವುದು? ಕಾರ್ಯಕ್ರಮ ಸುರುವಾಗಿಯೇ ಬಿಟ್ಟಿತ್ತು. ಅಧ್ಯಕ್ಷರು ಮೈಕಿನ ಮುಂದೆ ನಿಂತು, "ಅನಸ್ತಾಸಿಯಾಳನ್ನು ನಾನು ಇಷ್ಟು ಚಿಕ್ಕವಳಿರುವಾಗಿನಿಂದ ಬಲ್ಲೆ," ಎಂದು ಮೊಣಕಾಲಿನವರೆಗೆ ಕೈ ತೋರಿಸಿದರು. "ಮೊನ್ನೆಯೂ ಲಿಫ್ಟಿನಲ್ಲಿ ಸಿಕ್ಕಾಗ, ಅನಸ್ತಾಸಿಯಾ ಪುತಾ, ಹೇಗಿದ್ದೀ ಎಂದು ಕೇಳಿದೆ." ನನ್ನ ಗಂಡ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದು ತಿಳಿದು ಪಕ್ಕದವರು ಬೆನ್ನು ಸವರಿದರು.

ಆಮೇಲೆ ವೈದ್ಯಕೀಯ ಓದುತ್ತಿರುವ ಮಕ್ಕಳಿಗೆ ನಾಲ್ಕು ಬುದ್ಧಿಮಾತು ಹೇಳಬೇಕೆಂದು ಮಗಳನ್ನು ಕರೆದರು. ಅವಳು ಬ್ಯಾನರಿನ ಕೆಳಗೆ ನಿಂತು, ಅದನ್ನೊಮ್ಮೆ ನೋಡಿ, ಮೈಕ್ ಹಿಡಿದಳು. ಕನ್ನಡ ಮಾತಾಡಲು ನಾಚುವವಳು ಅವತ್ತು ಕನ್ನಡದಲ್ಲೇ ಹೇಳಿದಳು.

"ಕಳೆದ ವರ್ಷ ನನಗೆ ಮ್ಯಾಚ್ ಆಗಲಿಲ್ಲ, ತುಂಬ ಅತ್ತೆ. ಈ ವರ್ಷ ಬೇರೆ ವಿಭಾಗಕ್ಕೆ ಆಯ್ತು, ಎರಡು ದಿನ ಅತ್ತೆ. ಈಗ ಖುಷಿಯಾಗಿದ್ದೇನೆ. ಆದ್ದರಿಂದ ಅಳುವುದಿದ್ದರೆ ಎರಡೇ ದಿನ ಸಾಕು. ಮತ್ತೆ, ರಿಸಲ್ಟ್ ಬಂದ ಮೇಲೆ ನಿಮ್ಮ ವಿಭಾಗದ ಹೆಸರನ್ನು ಯಾರಿಗೂ ಫೋನಿನಲ್ಲಿ ಹೇಳಬೇಡಿ, ಬರೆದು ಕಳಿಸಿ. ನನ್ನ ಹೆಸರು ಅನಸ್ತಾಸಿಯಾ ಅಲ್ಲ. ಅದು ನನಗೆ ಸಿಕ್ಕಿದ ಸಬ್ಜೆಕ್ಟ್, ಅನಸ್ತೇಶಿಯಾ."

ಸಭೆಯೆಲ್ಲ ನಕ್ಕ ನಗುವಿಗೆ ಅಧ್ಯಕ್ಷರೂ ಸೇರಿಕೊಂಡರು, ಅವರಿಗೆ ಬೇರೆ ದಾರಿ ಇರಲಿಲ್ಲ.

ನಗು ಇನ್ನೂ ನಿಂತಿರಲಿಲ್ಲ, ಮೂರನೇ ಸಾಲಿನಲ್ಲಿ ಒಬ್ಬರು ಹೆಂಗಸು ಎದ್ದು ನಿಂತರು. ಅವರ ಮಗ ಕೊನೆಯ ವರ್ಷದ ಎಂಬಿಬಿಎಸ್, ಮುಂದೆ ಯುರಾಲಜಿಯೇ ಮಾಡುವುದೆಂದು ಹಟ ಹಿಡಿದವನು.

"ಸೆಕ್ರೆಟರಿಯವರೇ, ಯುರಾಲಜಿ ಎಂದು ಬಂದರೆ ನೀವು ಬ್ಯಾನರಿನಲ್ಲಿ ಕನ್ನಡದಲ್ಲಿ ಏನು ಹಾಕುತ್ತೀರಿ?"

ಕಾರ್ಯದರ್ಶಿ ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿದ್ದರು. ಕೂಡಲೇ ಪೆನ್ನು ತೆಗೆದು, "ಡಾಕ್ಟರ್ ಮೂತ್ರ..." ಎಂದು ಗಟ್ಟಿಯಾಗಿ ಹೇಳುತ್ತಾ ಬರೆಯಲು ಸುರುಮಾಡಿದರು.

ಆ ತಾಯಿ ಪಕ್ಕದಲ್ಲಿದ್ದ ಮಗನ ತೋಳು ಹಿಡಿದು ಎಬ್ಬಿಸಿದರು.

"ಪುತಾ, ಕೇಳಿದೆಯಾ? ಈಗಲೇ ಎಲ್ಲರ ಮುಂದೆ ಹೇಳು, ಕಣ್ಣಿನ ಡಾಕ್ಟರ್ ಆಗುತ್ತೇನೆ ಎಂದು!"