ಎರಡು ಪ್ರಾಣದ ಚಿಕ್ಕಮ್ಮ

ನಮ್ಮ ವಂಶದಲ್ಲಿ ನನ್ನ ಚಿಕ್ಕಮ್ಮನಷ್ಟು ಸಲ ಸತ್ತವರು ಬೇರೆ ಯಾರೂ ಇಲ್ಲ. ನಾನು ಕಣ್ಣಾರೆ ಕಂಡದ್ದೇ ಹನ್ನೊಂದು ಸಾವು. ಪ್ರತಿ ಸಲವೂ ಸತ್ತಾದ ಮೇಲೆ ಅವರು ಮಂಡಕ್ಕಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, "ಆತಲ್ಲಪ್ಪ, ಇನ್ನೊಬ್ಬಾಕೇನ ಬರ್ಕ" ಎನ್ನುತ್ತಿದ್ದರು.

ಗಾಬರಿಯಾಗಬೇಡಿ, ಸಾಯುತ್ತಿದ್ದದ್ದು ಆಟದಲ್ಲಿ. ಎಂಬತ್ತರ ದಶಕದ ನಡುವಿನ ಮಾತು. ದಾವಣಗೆರೆಯ ಹಾಸ್ಟೆಲಿನಲ್ಲಿದ್ದ ನಮ್ಮಣ್ಣ ರಜೆಗೆ ಚನ್ನಗಿರಿಯ ಮನೆಗೆ ಬರುವಾಗ ಯಾವುದೋ ವಿದೇಶಿ ಆಟದ ಪುಸ್ತಕದ ಜೆರಾಕ್ಸ್ ತಂದ. ಹಾಸೂ ಇಲ್ಲ, ಕಾಯೂ ಇಲ್ಲ. ಮೇಜಿನ ಸುತ್ತ ಕೂತು ಒಬ್ಬ ಕಥೆ ಹೇಳಬೇಕು. ಉಳಿದವರು ಒಂದೊಂದು ಪಾತ್ರವಾಗಿ, ಆ ಕಥೆಯೊಳಗೆ ತಾವು ಏನು ಮಾಡುತ್ತೇವೆಂದು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ. ಇಪ್ಪತ್ತು ಮುಖದ ದಾಳ ಚನ್ನಗಿರಿಯಲ್ಲಿ ಎಲ್ಲಿ ಸಿಗಬೇಕು? ಚೀಟಿಗಳ ಮೇಲೆ ಒಂದರಿಂದ ಇಪ್ಪತ್ತರವರೆಗೆ ಬರೆದು ಹಿತ್ತಾಳೆ ಚೊಂಬಿಗೆ ಹಾಕಿದೆವು; ದೊಡ್ಡ ಸಂಖ್ಯೆ ಬಂದರೆ ಫಲಿಸಿದಂತೆ. ಪಾತ್ರಗಳೆಲ್ಲ ಮೊದಲ ಮೆಟ್ಟಿಲಿನಲ್ಲಿ ಹುಟ್ಟಿ, ಗೆದ್ದಂತೆಲ್ಲ ಮೇಲೇರುತ್ತವೆ. ಏರಿದಷ್ಟೂ ಪ್ರಾಣ ಜಾಸ್ತಿ. ಪೆಟ್ಟು ಬಿದ್ದಂತೆಲ್ಲ ಅದು ಕಳೆಯುತ್ತಾ ಹೋಗಿ, ಸೊನ್ನೆಗೆ ಬಂದರೆ ಸಾವು. ನಾನು ಏಳನೇ ಮೆಟ್ಟಿಲಿನ ಸೇನಾಪತಿ, ನಲವತ್ತು ಪ್ರಾಣ. ಚಿಕ್ಕಮ್ಮ? ಬೆಣ್ಣೆ ಮಾರುವ ಹೆಂಗಸು. ಎರಡೇ ಪ್ರಾಣ!

ಚಿಕ್ಕಮ್ಮ ನಮ್ಮಮ್ಮನ ತಂಗಿ. ಹೊನ್ನಾಳಿಯಲ್ಲಿ ಅಜ್ಜನ ಜೊತೆ ಇದ್ದರು, ರಜೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಚಿಕ್ಕಂದಿನಿಂದಲೂ ಅವರಿಗೆ ಫಿಟ್ಸ್ ಬರುತ್ತಿತ್ತು. ಟೀಚರ್ ತರಬೇತಿ ಮುಗಿಸಿದ್ದರೂ ಚನ್ನಗಿರಿ ಬಸ್ಸು ಹತ್ತಲು ಪಕ್ಕದಲ್ಲೊಬ್ಬರು ಬೇಕು. ಅಜ್ಜನ ಕಟ್ಟಪ್ಪಣೆ ಎರಡು: ಒಬ್ಬಳೇ ಎಲ್ಲಿಗೂ ಹೋಗಬಾರದು, ಕಾಯಿಲೆಯ ಸುದ್ದಿ ಹೊರಗಿನವರ ಕಿವಿಗೆ ಬೀಳಬಾರದು. ಒಮ್ಮೆ ನ್ಯಾಮತಿಯಿಂದ ಹೆಣ್ಣು ನೋಡಲು ಬಂದಿದ್ದರು. ಅವಲಕ್ಕಿ ಕೊಡುತ್ತಾ ಚಿಕ್ಕಮ್ಮ, "ನಂಗೆ ಫಿಟ್ಸ್ ಬರ್ತಾವ್ರೀ. ಬಿದ್ರೆ ಗಾಬರಿ ಆಗಬ್ಯಾಡ್ರಿ" ಎಂದುಬಿಟ್ಟರು. ಬಂದವರು ಗಾಬರಿಯಾಗಲಿಲ್ಲ. ಅವಲಕ್ಕಿಯನ್ನು ನಿಧಾನವಾಗಿ ಪೂರ್ತಿ ತಿಂದು, ಕೈತೊಳೆದು, ಮತ್ತೆ ಬರಲಿಲ್ಲ. ಅಜ್ಜ ಒಂದು ತಿಂಗಳು ಮಗಳ ಜೊತೆ ಮಾತು ಬಿಟ್ಟರು.

ಇಂಥವರು ಆಟದಲ್ಲಾದರೂ ನೂರು ಪ್ರಾಣದ ರಾಣಿಯಾಗಬಹುದಿತ್ತಲ್ಲ!

ಒಂದು ಭಾನುವಾರ ಅಣ್ಣ ಒಂದು ಊರು, ಅದರ ಪಕ್ಕದ ಗವಿಯ ಕಥೆ ಕಟ್ಟಿದ. ಒಳಗೆ ರಾಕ್ಷಸ, ಬಾಗಿಲಲ್ಲಿ ಕಾವಲುಗಾರ. ನಾನು ಕತ್ತಿ ಎಳೆದೆ. ಚಿಕ್ಕಮ್ಮ ಊರೊಳಗೇ ನಿಂತರು.

"ಆ ಗವಿಯಿಂದ ವಾಪಸ್ ಬಂದೋರು ಯಾರಾದ್ರೂ ಅದಾರೇನು? ಅವರ ಮನೆ ಎಲ್ಲೈತೆ ಕೇಳ್ತೀನಿ."

ವಾಪಸ್ ಬಂದವನ ಬಗ್ಗೆ ಅಣ್ಣ ಯೋಚಿಸಿಯೇ ಇರಲಿಲ್ಲ. ಪಾಪ, ನಿಂತ ನಿಲುವಿನಲ್ಲೇ ಒಬ್ಬ ಕುಂಟನನ್ನು ಹುಟ್ಟಿಸಬೇಕಾಯಿತು. ಅವನನ್ನು ಅರ್ಧ ಗಂಟೆ ವಿಚಾರಿಸಿ ಚಿಕ್ಕಮ್ಮ ಗವಿಯ ಬಾಗಿಲಿಗೆ ಬಂದರು.

"ಊಟ ಆತೇನ್ರೀ ಕಾವಲ್ನೋರೇ? ನೋಡ್ರಿ, ನಂಗೆ ಇರಾವು ಎರಡೇ ಪ್ರಾಣ. ನೀವು ತಮಾಷೆಗೆ ತಿವಿದ್ರೂ ಸಾಯ್ತೀನಿ. ಅದ್ಕೇ ಮೊದ್ಲೇ ಹೇಳ್ತಿದೀನಿ."

ಅಣ್ಣನಿಗೆ ರೇಗಿತು. "ಚಿಕ್ಕಮ್ಮಾ, ಶತ್ರು ಹತ್ರ ಯಾರಾದ್ರೂ ಹಂಗೆ ಹೇಳ್ತಾರಾ?"

"ಶತ್ರು ಅಂತ ನಿಂಗೆ ಗೊತ್ತು. ಆತಗೆ ಇನ್ನೂ ಗೊತ್ತಿಲ್ಲ."

ಚೀಟಿ ಎತ್ತಿದರು: ಹತ್ತೊಂಬತ್ತು! ಕಾವಲುಗಾರ ಅವರನ್ನು ನೆರಳಲ್ಲಿ ಕೂರಿಸಿ ಬೆಣ್ಣೆ ಕೊಂಡ. ನನ್ನ ಸೇನಾಪತಿ ಅಷ್ಟರಲ್ಲಿ ಗವಿಯೊಳಗೆ ಹಳ್ಳಕ್ಕೆ ಬಿದ್ದು ಕೂಗುತ್ತಿದ್ದ. ಹಾಗಂತ ಎಲ್ಲ ಸಲ ಹತ್ತೊಂಬತ್ತು ಬರುತ್ತಿತ್ತೇ? ಅವರ ಒಬ್ಬ ಹೆಂಗಸು ಕೆರೆಯ ಮೆಟ್ಟಿಲಲ್ಲಿ ಜಾರಿ ಸತ್ತಳು. ಇನ್ನೊಬ್ಬಳನ್ನು ಒಂದು ಹುಂಜ ಕುಕ್ಕಿ ಕೊಂದಿತು. ಅಪರೂಪಕ್ಕೆ ಬದುಕುಳಿದು ಎರಡನೇ ಮೆಟ್ಟಿಲಿಗೆ ಅರ್ಹಳಾದವಳನ್ನು ಚಿಕ್ಕಮ್ಮನೇ ಮನೆಗೆ ಕಳಿಸಿ, ಹೊಸಬಳನ್ನು ಬರೆಸುತ್ತಿದ್ದರು.

"ಯಾಕೆ ಮೇಲಕ್ಕೆ ಹೋಗಲ್ಲ?" ಎಂದು ನಾನೇ ಕೇಳಿದೆ.

"ಮೇಲಕ್ಕೆ ಹೋದ್ರೆ ಯಾರ್ನೂ ಏನೂ ಕೇಳೋ ಕೆಲಸ ಇರಲ್ಲ ಕಣೋ. ನಿನ್ನ ಸೇನಾಪತಿಗೆ ಆ ಊರಾಗೆ ಒಬ್ಬರ ಹೆಸರಾದ್ರೂ ಗೊತ್ತೈತಾ?"

ಗೊತ್ತಿರಲಿಲ್ಲ. ಕುದುರೆಯ ಹೆಸರು ಗೊತ್ತಿತ್ತು.

ಮರುವರ್ಷ ಚಿಕ್ಕಮ್ಮನಿಗೆ ಜಗಳೂರಿನ ಶಾಲೆಯೊಂದರಲ್ಲಿ ಕೆಲಸದ ಆರ್ಡರು ಬಂತು. ಅರ್ಜಿ ಹಾಕಿದ್ದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜ ಕೂಗಾಡಿದರು. ಚಿಕ್ಕಮ್ಮ ಎದುರಾಡಲಿಲ್ಲ, ಆರ್ಡರನ್ನು ಕೆಳಗೂ ಇಡಲಿಲ್ಲ. ಮೂರನೇ ದಿನ ಅಜ್ಜ, ಡಿಗ್ರಿ ಓದುತ್ತಿದ್ದ ನನ್ನನ್ನು ಕರೆಸಿದರು. "ಎರಡು ವಾರ ಜೊತೆಗಿರು. ಒಂದೇ ಒಂದು ಸಲ ಬಿದ್ರೂ ಸರಿ, ಕರ್ಕಂಡು ವಾಪಸ್ ಬಾ. ಅಲ್ಲಿಗೆ ಈ ಕೆಲಸದ ಮಾತು ಮುಗೀತು."

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಸಿಕ್ಕಿತು. ಮೊದಲ ಸಂಜೆಯೇ ಚಿಕ್ಕಮ್ಮ ಊರು ಸುತ್ತಲು ಹೊರಟರು. ಸೈಕಲ್ ಶಾಪು, ಟೀ ಅಂಗಡಿ, ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಅಜ್ಜಿ, ಯಾರನ್ನೂ ಬಿಡಲಿಲ್ಲ. "ಹೊಸ ಟೀಚರ್ ರೀ ನಾನು. ನಂಗೆ ಫಿಟ್ಸ್ ಬರ್ತಾವೆ. ಬಿದ್ರೆ ಪಕ್ಕಕ್ಕೆ ತಿರುಗಿಸಿ ಮಲಗಿಸ್ರಿ. ಬಾಯಿಗೆ ಏನೂ ಇಡಬ್ಯಾಡ್ರಿ, ಹಿಡ್ಕಂಡು ಅದುಮಬ್ಯಾಡ್ರಿ. ತಾನೇ ನಿಲ್ತೈತೆ. ನಿಮ್ಮ ಹೆಸರೇನ್ರೀ?" ನಾನು ನಾಚಿಕೆಯಿಂದ ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಇಪ್ಪತ್ತು ವರ್ಷ ಮನೆಮಂದಿಯೆಲ್ಲ ಸೇರಿ ಮುಚ್ಚಿಟ್ಟದ್ದನ್ನು ಒಂದೇ ಸಂಜೆ ಜಗಳೂರಿಗೆ ಹಂಚಿಬಿಟ್ಟರಲ್ಲ!

ಒಂಬತ್ತನೇ ದಿನ, ಗುರುವಾರ. ಶಾಲೆಯಿಂದ ಬರುವ ಅವರಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಎದುರಿಗೆ ಬರುತ್ತಿದ್ದ ಚಿಕ್ಕಮ್ಮ ಇಪ್ಪತ್ತು ಮಾರು ದೂರದಲ್ಲಿ ನಿಂತರು. ಕೈಚೀಲ ಜಾರಿತು. ಆಮೇಲೆ ಬಿದ್ದರು.

ನಾನು ಓಡಿದೆ. ಓಡಿ ಏನು ಮಾಡಿದೆ? ಕೋಣೆಯ ಬೀಗದಕೈ ಗೊಂಚಲನ್ನು ಜೇಬಿನಿಂದ ತೆಗೆದು ಅವರ ಮುಷ್ಟಿಯೊಳಗೆ ತುರುಕಲು ಹೋದೆ. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆಂದು ಮನೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಕಡಲೆಕಾಯಿ ಅಜ್ಜಿ ನನ್ನ ಕೈಯನ್ನು ಪಟ್ಟನೆ ಹೊಡೆದು ತಳ್ಳಿದಳು. ಟೀ ಅಂಗಡಿಯವನು ತಲೆಯ ಕೆಳಗೆ ಟವೆಲ್ ಇಟ್ಟ. ಸೈಕಲ್ ಶಾಪಿನವನು ಬರುತ್ತಿದ್ದ ಬಸ್ಸಿಗೆ ಅಡ್ಡ ನಿಂತ. ಅಜ್ಜಿಯೂ ಇನ್ನೊಬ್ಬ ಹೆಂಗಸೂ ಸೇರಿ ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ಸೀರೆ ಸರಿಮಾಡಿ, ಸುಮ್ಮನೆ ಕೂತರು.

"ಯಾರಪ್ಪ ನೀನು?" ಎಂದಳು ಅಜ್ಜಿ.

"ಅವರ ಅಕ್ಕನ ಮಗ."

"ಮನೆಯೋನಾ? ಮತ್ತೆ ನಿಂಗ್ಯಾರೂ ಹೇಳ್ಕೊಟ್ಟಿಲ್ಲೇನು? ಕುಂದ್ರು. ನೋಡಿ ಕಲ್ಕ."

ಕೂತೆ. ಅವರ ಕಾಲು ಅದುರುವುದನ್ನೂ, ನಿಲ್ಲುವುದನ್ನೂ ನೋಡಿದೆ. ಬಸ್ ಸ್ಟ್ಯಾಂಡಿನ ಗಡಿಯಾರದಲ್ಲಿ ಎರಡು ನಿಮಿಷವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ಕಣ್ಣು ತೆರೆದರು. ಮೊದಲು ಅಜ್ಜಿಯನ್ನು ನೋಡಿದರು, ಆಮೇಲೆ ನನ್ನನ್ನು. ಅಜ್ಜನ ಷರತ್ತು ಅವರಿಗೂ ಗೊತ್ತಿತ್ತು. ತೊದಲುತ್ತಲೇ ಕೇಳಿದರು: "ಬಸ್ ಎಷ್ಟೊತ್ತಿಗೈತೆ?"

ನಾನು ಬಿದ್ದಿದ್ದ ಕೈಚೀಲವನ್ನು ಎತ್ತಿಕೊಂಡೆ. ಅಂದು ಸಂಜೆ ಅವರು ಮಲಗಿದ ಮೇಲೆ ಅಂಚೆ ಕಾರ್ಡು ತೆಗೆದು ಅಜ್ಜನಿಗೆ ಬರೆದೆ. ಸುಳ್ಳು ಬರೆಯಬೇಕೆಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಬರೆಯಲಿಲ್ಲ.

"ಚಿಕ್ಕಮ್ಮ ಗುರುವಾರ ಬಿದ್ದರು. ಎರಡು ನಿಮಿಷ. ಪೆಟ್ಟಾಗಿಲ್ಲ. ನಾಲ್ಕು ಜನ ಜೊತೆಗಿದ್ದರು, ನನ್ನನ್ನು ಬಿಟ್ಟು. ಭಾನುವಾರದ ಬಸ್ಸಿಗೆ ಬರುತ್ತೇನೆ. ನಾನೊಬ್ಬನೇ."