ಐನೋರ ಕಾಲ, ಸಾಹೇಬ್ರ ಕಾಲ, ನನ್ನ ಗ್ರಹಚಾರ

ನಮ್ಮ ಸೋದರಮಾವನ ಬಾಯಲ್ಲಿ ಒಳ್ಳೆಯವನು ಅನ್ನಿಸಿಕೊಳ್ಳಲು ಒಂದೇ ಒಂದು ಅರ್ಹತೆ ಸಾಕು. ಸತ್ತಿರಬೇಕು! ಉಸಿರಾಡುವ ಮನುಷ್ಯ ಎಷ್ಟು ತಿಪ್ಪರಲಾಗ ಹಾಕಿದರೂ ಅವರ ಪ್ರಕಾರ ಕೆಲಸಕ್ಕೆ ಬಾರದವನು. ಅದೇ ಮನುಷ್ಯನ ತಿಥಿ ಊಟ ಮುಗಿಸಿ ಎದ್ದರೆ, ಕೈ ತೊಳೆಯುವ ಮೊದಲೇ "ಅಂಥ ಪುಣ್ಯಾತ್ಮ ಇನ್ನ ಹುಟ್ಟಲ್ಲ ಬುಡು" ಎಂದು ಶುರು. ನನಗಿನ್ನೂ ನಲವತ್ತಮೂರು ವರ್ಷ. ಶುಗರ್ ಇಲ್ಲ, ಬಿ.ಪಿ. ಇಲ್ಲ. ನನ್ನ ಗತಿ ಏನೆಂದು ನೀವೇ ಯೋಚಿಸಿ!

ಮಾವನಿಗೆ ಮಧುಗಿರಿಯಲ್ಲೊಂದು ಸೈಕಲ್ ಶಾಪಿದೆ. ಅದು ಹೆಸರಿಗೆ. ಅವರ ನಿಜವಾದ ಕಸುಬು ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರುಗಳನ್ನು ತಕ್ಕಡಿಗೆ ಹಾಕಿ ತೂಗುವುದು. ಹೌದು, ಊರಿಗೆ ಊರೇ ಕ್ರಿಕೆಟ್ ಎಂದು ಕುಣಿಯುವಾಗ ನಮಗೊಂದು ಫುಟ್‌ಬಾಲ್ ಕ್ಲಬ್ಬಿದೆ. ಮ್ಯಾನೇಜರ್ ಎಂದರೆ ಕೋಟು ಹಾಕಿಕೊಂಡು ನಿಲ್ಲುವ ಹುದ್ದೆ ಎಂದುಕೊಳ್ಳಬೇಡಿ. ಆಟ ಕಲಿಸುವುದು, ಹನ್ನೊಂದು ಜನರನ್ನು ಆರಿಸುವುದು, ಸುಣ್ಣದ ಗೆರೆ ಎಳೆಯುವುದು, ಬಾಲು ಬೆಟ್ಟದ ಬುಡದ ಮುಳ್ಳುಪೊದೆಗೆ ಹೋದರೆ ಹೋಗಿ ತರುವುದು, ಸೋತರೆ ಬೈಸಿಕೊಳ್ಳುವುದು, ಎಲ್ಲ ಅವನೊಬ್ಬನೇ. ಮಾವ ಜೀವಮಾನದಲ್ಲಿ ಒಂದು ಸಲವೂ ಬಾಲು ಒದ್ದವರಲ್ಲ. ಆದರೆ ಕ್ಲಬ್ಬು ಹುಟ್ಟಿದಾಗಿನಿಂದ ಪ್ರತಿಯೊಂದು ಬಾಲಿಗೂ ಗಾಳಿ ಹೊಡೆದವರು ಅವರೇ. ಉಳಿದ ಗಾಳಿಯನ್ನು ತೀರಿಕೊಂಡ ಮ್ಯಾನೇಜರುಗಳಿಗೆ ಹೊಡೆಯುತ್ತಾರೆ.

ತೀರಿಕೊಂಡ ಮ್ಯಾನೇಜರುಗಳು ಮೂವರು. ಮೊದಲನೆಯವರು ಐನೋರು. ಬೆಳಿಗ್ಗೆ ದೇವಸ್ಥಾನದಲ್ಲಿ ಪೂಜೆ, ಸಂಜೆ ಮೈದಾನದಲ್ಲಿ ಫುಟ್‌ಬಾಲು. ಹಣೆಯ ವಿಭೂತಿ ಅಳಿಸದೆ, ಪಂಚೆ ಎತ್ತಿ ಕಟ್ಟಿ ನಿಲ್ಲುತ್ತಿದ್ದರಂತೆ. ಸೀಟಿ ಊದಿದರೆ ಎಂಜಲು ಎಂದು ಪೂಜೆಯ ಕೈಗಂಟೆಯನ್ನೇ ತಂದು ಅಲ್ಲಾಡಿಸುತ್ತಿದ್ದರಂತೆ. ಗಂಟೆ ಕೇಳಿದರೆ ಅರ್ಧ ಟೀಮು ಆಟ ಬಿಟ್ಟು ಕಣ್ಣಿಗೆ ಕೈ ಒತ್ತಿಕೊಳ್ಳುತ್ತಿತ್ತೇನೋ ಎಂದು ನಾನು ನಕ್ಕರೆ ಮಾವನ ಮುಖ ಕೆಂಪಾಗುತ್ತದೆ. ಆ ಗಂಟೆ ಈಗಲೂ ಅವರ ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿದೆ. ಒಮ್ಮೆ ಸುಮ್ಮನೆ ಮುಟ್ಟಿದ್ದಕ್ಕೆ, "ಕೈ ತೆಗೀಲಾ! ಅದು ನಿನ್ನಂಥೋರು ಮುಟ್ಟೋ ಗಂಟೆ ಅಲ್ಲ" ಎಂದು ಗದರಿದರು.

ಎರಡನೆಯವರು ಶಿರಾದಿಂದ ಬಂದ ಸಾಹೇಬ್ರು. ಲಾರಿ ಮೆಕ್ಯಾನಿಕ್ಕು. ಹುಡುಗರನ್ನೂ ಇಂಜಿನ್ನಿನ ಹಾಗೆ ಬಿಚ್ಚಿ ಜೋಡಿಸುತ್ತಿದ್ದರು. ತಡವಾಗಿ ಬಂದವನಿಗೆ ಕೆರೆ ಏರಿಯ ಮೇಲೆ ಎರಡು ಸುತ್ತು ಓಟ, ಹಿಂದೆ ಸೈಕಲ್ಲಿನಲ್ಲಿ ಸಾಹೇಬ್ರು, "ಕ್ಯಾ ರೇ, ಪಾಂವಾಂ ಹೈಂ ಕಿ ಪತ್ತರಾಂ?" ಕಾಲೋ ಕಲ್ಲೋ ಎಂದು ಕೇಳಿಸಿಕೊಂಡು ಓಡಿದವರಲ್ಲಿ ನಾನೂ ಒಬ್ಬ.

ಮೂರನೆಯವರು ಪಾವಗಡದ ಗಾರು. ಎಲ್ಲರ ಹೆಸರಿಗೂ ತೆಲುಗಿನ ಮರ್ಯಾದೆಯ 'ಗಾರು' ಸೇರಿಸುತ್ತಿದ್ದುದರಿಂದ ಅವರ ಸ್ವಂತ ಹೆಸರೇ ಊರಿಗೆ ಮರೆತುಹೋಯಿತು. ಎದುರಾಳಿ ಗೋಲ್‌ಕೀಪರನಿಗೂ ಗೆರೆಯಾಚೆಯಿಂದ "ಗೋಲಿ ಗಾರೂ, ಕೊಂಚೆಂ ಪಕ್ಕಕಿ ಜರಗಂಡಿ" ಎಂದು ಬೇಡಿಕೊಳ್ಳುತ್ತಿದ್ದರು. ಅವನು ಸರಿದರೆ ತಾನೇ? ಆಗ ಮಾವ ಊರೆಲ್ಲ ಸಾರುತ್ತಿದ್ದರು: "ಈವಯ್ಯ ಮ್ಯಾನೇಜರ್ರೋ, ಮದುವೆ ಮನೆ ಬಾಗಿಲಾಗೆ ಪನ್ನೀರು ಎರಚೋನೋ?" ಗಾರು ತೀರಿಕೊಂಡರು. ತಿಥಿ ಊಟ ಮುಗಿಸಿ ಬರುತ್ತಾ ಬಸ್ಸಿನಲ್ಲೇ ಮಾವ ನಿಟ್ಟುಸಿರುಬಿಟ್ಟರು. "ಗಾರು ಕಾಲ್ದಾಗೆ ಏನು ಮರ್ಯಾದೆ, ಏನು ಮರ್ಯಾದೆ! ಎದುರಾಳಿಗೂ ಬೌವಚನ ಕಣ್ಲಾ!"

ಗಾರು ಹೋದ ಮೇಲೆ ಯಾರೂ ಮುಂದೆ ಬರಲಿಲ್ಲವೆಂದು ಕ್ಲಬ್ಬು ನನ್ನ ಕೊರಳಿಗೆ ಬಿತ್ತು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ನಾನು. ಮೊಬೈಲಿನಲ್ಲಿ ನೋಡಿ ಕಲಿತು, ಡ್ರಾಯಿಂಗ್ ಶೀಟಿನ ಮೇಲೆ ಬಣ್ಣದ ಚುಕ್ಕಿ ಇಟ್ಟು, ನಮ್ಮ ಹುಡುಗರು ಎಲ್ಲೆಲ್ಲಿ ನಿಲ್ಲಬೇಕೆಂದು ಬರೆದೆ. ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಜಂಬದಿಂದ ಮಾವನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬೆರಳು ಮಡಚಿದರು.

"ನಾಕು, ಮೂರು, ಮೂರು. ಹತ್ತೇ ಆತಲ್ಲೋ! ಇನ್ನೊಬ್ಬ ಎಲ್ಲೋದ?"

"ಗೋಲಿ ಮಾವ. ಗೋಲಿನ ಇದ್ರಲ್ಲಿ ಸೇರ್ಸಲ್ಲ."

"ಐನೋರ ಕಾಲ್ದಾಗೆ ಗೋಲಿನೂ ಮನುಷ್ಯನೇ ಆಗಿದ್ದ!"

ಇಷ್ಟೇ ಆಗಿದ್ದರೆ ಇರಲಿ ಎನ್ನಬಹುದಿತ್ತು. ಆದರೆ ಗಮನಿಸಿ, ಐನೋರಿಗೊಂದು ಕಾಲವಿತ್ತು, ಸಾಹೇಬ್ರಿಗೊಂದು ಕಾಲ, ಪನ್ನೀರು ಎರಚುವ ಗಾರುಗೂ ಒಂದು ಕಾಲ. ನನ್ನದಕ್ಕೆ ಮಾತ್ರ ಮಾವ 'ಈಗ' ಎನ್ನುತ್ತಿದ್ದರು. "ಈಗ ಏನೈತೆ ಮಣ್ಣು!" ಒಂದು ದಿನ ಕೇಳಿಯೇಬಿಟ್ಟೆ.

"ಮಾವ, ನಾನು ಮ್ಯಾನೇಜರ್ ಆಗಿ ಎರಡು ವರ್ಷ ಆಯ್ತು. ನನ್ನ ಕಾಲ ಅಂತ ಒಂದು ಸಲನಾದ್ರೂ ಅನ್ನಬಾರದಾ?"

"ಲೇ ಅಳಿಯ, ಕಾಲ ಬರೋದು ಕಾಲವಾದೋರಿಗೆ ಕಣ್ಲಾ. ನಿಂಗ್ಯಾಕೆ ಅಂಥ ಅವಸರ?"

ಅಂಗಡಿಯ ಹಿಂದಿನ ಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. "ನೀನೊಬ್ನೇ ಏನಪ್ಪ! ನಂ ಅತ್ತೆ ಇದ್ದಾಗ ಅವ್ರ ಸಾರಿಗೆ ಉಪ್ಪಿಲ್ಲ ಉಳಿಯಿಲ್ಲ ಅಂತ ನಿಮ್ಮಾವ ತಟ್ಟೆ ತಳ್ಳೋರು. ಈಗ ದಿನಾ ಅವ್ವನ ಕಾಲದ ಸಾರು, ಅವ್ವನ ಕಾಲದ ಸಾರು! ನನ್ನ ಸಾರು ರುಚಿ ಆಗ್ಬೇಕಾದ್ರೆ ನಾನು ಗೊಟಕ್ಕನ್ಬೇಕು." ಮಾವ ಕೇಳಿಸದವರ ಹಾಗೆ ಪಂಪು ಒತ್ತುತ್ತಿದ್ದರು.

ಈ ವರ್ಷ ನನ್ನ ಗ್ರಹಚಾರ ಪೂರ್ತಿ ಕೆಟ್ಟಿತು. ಆಡಿದ ಆರು ಮ್ಯಾಚುಗಳಲ್ಲಿ ಆರನ್ನೂ ಸೋತೆವು. ಕೊನೆಯದು ಶಿರಾದಲ್ಲಿ, ಐದು ಸೊನ್ನೆ. ವಾಪಸು ಬರುವ ಬಸ್ಸಿನಲ್ಲಿ ಮಾವ ನನ್ನ ಹಿಂದಿನ ಸೀಟಿನಲ್ಲೇ ಕೂತರು. ಬಡವನಹಳ್ಳಿ ಬರುವಷ್ಟರಲ್ಲಿ ಗಾರು ಕಾಲ, ಸಾಹೇಬ್ರ ಕಾಲ ಎರಡೂ ಮುಗಿದವು. ಅಲ್ಲಿಂದ ಊರು ಮುಟ್ಟುವ ತನಕ ಐನೋರ ಕಾಲ. ನನಗೆ ಕೆಳಗಿಳಿದು ನಡೆದೇ ಬರೋಣ ಅನ್ನಿಸಿತು.

ಮುಂದಿನ ಭಾನುವಾರ ಬೆಳಿಗ್ಗೆ ಕಮಿಟಿ ಸಭೆ. ಕ್ಲಬ್ಬಿಗೆ ಕೋಣೆ ಇಲ್ಲವಾದ್ದರಿಂದ ಮಾವನ ಅಂಗಡಿಯ ಮುಂದೆಯೇ ಕುರ್ಚಿ ಹಾಕಿದ್ದರು. ವಿಷಯ ಒಂದೇ, ನನ್ನನ್ನು ತೆಗೆಯುವುದು. ತಮಾಷೆ ಬದಿಗಿಟ್ಟು ಹೇಳುತ್ತೇನೆ: ಸಂಜೆ ಐದಕ್ಕೆ ಆ ಹುಡುಗರು "ಸಾರ್" ಎಂದು ಓಡಿಬರುವುದಿದೆಯಲ್ಲ, ಇಡೀ ದಿನದಲ್ಲಿ ನನಗೆ ಬೇಕಾಗಿದ್ದುದು ಅದೊಂದೇ. ಅದೂ ಹೋಗುವುದರಲ್ಲಿತ್ತು. ಅಧ್ಯಕ್ಷರು ನನಗಿಂತ ಚಿಕ್ಕವರು, ಹಳೆಯದೆಲ್ಲ ಮಾವನ ಬಾಯಿಂದಲೇ ಕೇಳಿ ಬೆಳೆದವರು. ಅವರು ಮಾವನ ಕಡೆಗೇ ತಿರುಗಿದರು.

"ನೀವೇ ಯೋಳಿ ದೊಡ್ಡಪ್ಪ. ಐನೋರ ಕಾಲ್ದಾಗೆ ಯಾವತ್ತಾದ್ರೂ ಇಂಗೆ ಸೋತಿದ್ರಾ?"

ಮುಗಿಯಿತು ನನ್ನ ಕಥೆ ಎಂದು ತಲೆ ತಗ್ಗಿಸಿದೆ. ಮಾವ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದರು. ಮತ್ತೆ ಒರೆಸಿದರು.

"ಸೋತಿದ್ದೊ" ಎಂದರು. "ಒಂದೂ ಗೆಲ್ನಿಲ್ಲ."

ಅಧ್ಯಕ್ಷರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಐನೋರ ಕಾಲ, ಐನೋರ ಕಾಲ ಅಂತೀನಲ್ಲ, ಅದು ಇದ್ದಿದ್ದೇ ಒಂದು ವರ್ಸ ಕಣ್ರಪ್ಪ. ಎಲ್ಲ ಮ್ಯಾಚೂ ಸೋತ್ರು. ಇಲ್ಲೇ, ಇಂಗೇ ಒಂದು ಮೀಟಿಂಗ್ ಮಾಡಿದ್ರು. 'ಐನೋರು ಗಂಟೆ ಅಳ್ಳಾಡ್ಸಕ್ಕೇ ಸರಿ, ತೆಗೆದಾಕ್ರಿ' ಅಂತ ಮೊದ್ಲು ಎದ್ದು ನಿಂತೋನು ನಾನೇ. ಅವ್ರು ಗಂಟೆನ ಇಲ್ಲೇ ಮಡಗ್ಬುಟ್ಟು ಎದ್ದೋದ್ರು. ಮುಂದಿನ ವರ್ಸ ಸಾಹೇಬ್ರು ಗೆದ್ದಿದ್ದು ಐನೋರು ತಯಾರು ಮಾಡಿದ್ದ ಹುಡುಗ್ರನ್ನ ಇಟ್ಕಂಡೇ."

ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು.

"ಆಮೇಲೂ ಐನೋರು ಸೈಕಲ್ಗೆ ಗಾಳಿ ಒಡ್ಸಕ್ಕೆ ನನ್ತಾಕೇ ಬರೋರು. ಚೆನ್ನಾಗಿದ್ದೀಯೇನಪ್ಪ ಅನ್ನೋರು. ತಪ್ಪಾಯ್ತು ಐನೋರೇ ಅನ್ನಕ್ಕೆ ನಂಗೆ ಬಾಯಿ ಬರ್ನಿಲ್ಲ. ನಾಳೆ ಅಂದೇನು, ನಾಡಿದ್ದು ಅಂದೇನು ಅಂತಿದ್ದಂಗೇ ಕಾಲವಾಗ್ಬುಟ್ರು. ಅವತ್ತಿಂದ ಒಗಳ್ತಾನೇ ಇವ್ನಿ. ಸತ್ತೋರಿಗೆ ಕೇಳ್ಸಲ್ಲ, ಎಷ್ಟು ಒಗಳಿದ್ರೂ." ನನ್ನ ಕಡೆ ಕೈ ತೋರಿಸಿದರು. "ಇವ್ನ ಕಾಲ ನಡೀತಾ ಐತೆ. ನಡೀಲಿ ಬುಡ್ರಿ."

ಸಭೆ ಅಲ್ಲಿಗೇ ಎದ್ದಿತು. ನಾನು ಮ್ಯಾನೇಜರಾಗಿಯೇ ಉಳಿದೆ.

ಮರುದಿನ ಸಂಜೆ ಬಾಲಿಗೆ ಗಾಳಿ ಹೊಡೆಸಲು ಹೋದೆ. ಏನು ಮಾತಾಡಬೇಕೋ ಗೊತ್ತಾಗದೆ ಹಳೇ ಚಾಳಿಯಂತೆ ಕೆಣಕಿದೆ.

"ಏನು ಮಾವ, ಕಾಲವಾಗೋಕ್ಕೆ ಮುಂಚೇನೇ ನನಗೊಂದು ಕಾಲ ಕೊಟ್ಟುಬಿಟ್ರಲ್ಲ! ನಿಯಮ ಮುರಿದಂಗಾಯ್ತು."

ಮಾವ ಬಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮೊಳೆಯಲ್ಲಿದ್ದ ಗಂಟೆಯನ್ನು ಇಳಿಸಿ, ಅಂಗಿಯ ಅಂಚಿನಿಂದ ಧೂಳು ಒರೆಸಿ, ಬಾಲಿನ ಜೊತೆ ನನ್ನ ಕೈಗಿಟ್ಟರು.

"ಲೇ, ನೀನು ಕಾಲವಾಗಗಂಟ ನಾನಿರ್ತೀನೇನ್ಲಾ?"

ರಸ್ತೆಗಿಳಿದು ನಾಲ್ಕು ಹೆಜ್ಜೆ ಹಾಕಿದ್ದೆ, ಹಿಂದಿನಿಂದ ಕೂಗಿದರು: "ಬಿರ್ನೆ ಓಗು! ಸಾಹೇಬ್ರ ಕಾಲ್ದಾಗೆ ಇಷ್ಟೊತ್ಗೆ ಎರಡು ಸುತ್ತು ಓಡಿರೋರು!"

ಕೈಯಲ್ಲಿ ಗಂಟೆ ಸದ್ದು ಮಾಡುತ್ತಿತ್ತು. ನಾನು ಓಡಿದೆ.